ಅಂಗೈ ಅಗಲದ ಗೊಂಬೆಗೆ ಆಕಾಶದಷ್ಟು ಬೆಳಕು

ನವರಾತ್ರಿಯ ಸಂಜೆ ಮೆಟ್ಟಿಲ ಮೇಲೆ ಕೂರಿಸಿದ ಗೊಂಬೆಗಳನ್ನು ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ಒಂದನ್ನು ಹಿಗ್ಗಿಸಿ ನೋಡಿ. ಚನ್ನಪಟ್ಟಣದ ಕೆಂಪು ಗೊಂಬೆಯ ಹಣೆಯ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಉರಿಯುತ್ತಿರುತ್ತದೆ. ಉಳಿದ ಮೈ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆ. ಬೆನ್ನ ಹಿಂದೆ, ಗೊಂಬೆಯ ಅಂಚಿಗೇ ಅಂಟಿಕೊಂಡಂತೆ ಒಂದು ಕಪ್ಪು ನೆರಳು. ಕೈಯಲ್ಲಿ ಹಿಡಿದಾಗ ದುಂಡಗೆ, ನುಣ್ಣಗೆ, ಬೆಚ್ಚಗೆ ಅನಿಸುತ್ತಿದ್ದ ಆಟಿಕೆ ಇದೇನಾ ಎಂದು ಕೇಳುವಂತಾಗುತ್ತದೆ. ಇಂಥ ಚಿತ್ರ ಬಂದಾಗ ಎಲ್ಲರೂ ಹೇಳುವ ಕಾರಣ ಎರಡು: ಫೋನ್ ಹಳೆಯದಾಯಿತು, ಇಲ್ಲವೇ ಬೆಳಕು ಸಾಲಲಿಲ್ಲ. ಹಾಗೆಂದು ಹೊಸ ಫೋನ್ ಕೊಳ್ಳುತ್ತಾರೆ, ಇನ್ನಷ್ಟು ಪ್ರಖರವಾದ ಬಲ್ಬ್ ಹಾಕುತ್ತಾರೆ. ಬಿಳಿ ಚುಕ್ಕೆ ಮಾತ್ರ ಅಲ್ಲೇ ಇರುತ್ತದೆ. ಗೊಂಬೆ, ನಾಣ್ಯ, ಬಿದರಿಯ ಡಬ್ಬಿ, ಹಿತ್ತಾಳೆಯ ದೀಪ, ಪುಟ್ಟ ಕಾರು, ಹೀಗೆ ಮೇಜಿನ ಮೇಲೆ ಇಟ್ಟು ಚಿತ್ರ ತೆಗೆಯುವ ವಸ್ತುಗಳ ವಿಷಯದಲ್ಲಿ ಬೆಳಕು ಎಷ್ಟಿದೆ ಎಂಬುದು ಕೊನೆಯ ಪ್ರಶ್ನೆ. ವಸ್ತುವಿಗೆ ಆ ಬೆಳಕು ಎಷ್ಟು ಅಗಲವಾಗಿ ಕಾಣುತ್ತಿದೆ, ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೇ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಂಡವರಿಗೆ ಸಾಧಾರಣ ಫೋನೂ ಸಾಕು.

ಬೆಳಕಿನ ಅಗಲ ಅಂದರೇನು ಎಂಬುದನ್ನು ಆಕಾಶವೇ ದಿನವೂ ತೋರಿಸುತ್ತದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅವನು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಕೈ ಚಾಚಿದರೆ ಕಿರುಬೆರಳ ತುದಿ ಅದನ್ನು ಮರೆಮಾಡುತ್ತದೆ. ಇಷ್ಟು ಕಿರಿದಾದ ಮೂಲದಿಂದ ಬಂದ ಬೆಳಕು ಚಾಕುವಿನಲ್ಲಿ ಕೊಯ್ದಂಥ ನೆರಳು ಮಾಡುತ್ತದೆ. ಮೋಡ ಮುಚ್ಚಿದರೆ ಬೆಳಕು ಸೂರ್ಯನಿಂದ ನೇರವಾಗಿ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ನೆರಳಿನ ಅಂಚು ಕರಗಿಹೋಗುತ್ತದೆ. ಇದೇ ಲೆಕ್ಕವನ್ನು ಮೇಜಿನ ಮೇಲೆ ಮಾಡಿ ನೋಡೋಣ. ಫೋನಿನ ಫ್ಲ್ಯಾಶ್ 5 ಮಿಲಿಮೀಟರ್ ಅಗಲ ಎಂದುಕೊಂಡರೆ, ಒಂದಡಿ ದೂರದ ಗೊಂಬೆಗೆ ಅದು ಸುಮಾರು ಒಂದು ಡಿಗ್ರಿ ಕಾಣುತ್ತದೆ. ಎಂದರೆ ನಡುಮಧ್ಯಾಹ್ನದ ಬಿಸಿಲಿನಷ್ಟೇ ಕಠಿಣ ಬೆಳಕು, ಅದೂ ಲೆನ್ಸಿನ ಪಕ್ಕದಿಂದಲೇ ಹೊರಟದ್ದು. ಈಗ ಫ್ಲ್ಯಾಶ್ ಆರಿಸಿ, ಎ4 ಅಳತೆಯ ಒಂದು ಬಟರ್ ಪೇಪರನ್ನು ಗೊಂಬೆಯ ಪಕ್ಕದಲ್ಲಿ 20 ಸೆಂಟಿಮೀಟರ್ ದೂರಕ್ಕೆ ನಿಲ್ಲಿಸಿ, ಅದರ ಹಿಂದೆ ಮಾಮೂಲಿ ಟೇಬಲ್ ಲ್ಯಾಂಪ್ ಹಚ್ಚಿ. ಲ್ಯಾಂಪನ್ನು ಕಾಗದದಿಂದ ಸ್ವಲ್ಪ ಹಿಂದಕ್ಕೆ ಸರಿಸಿದರೆ ಕಾಗದವಿಡೀ ಬೆಳಗುತ್ತದೆ. 21 ಸೆಂಟಿಮೀಟರ್ ಅಗಲದ ಆ ಹಾಳೆ ಗೊಂಬೆಗೆ 55 ಡಿಗ್ರಿ ಅಗಲದ ಬೆಳಕು. ಒಂದು ಮೀಟರ್ ಅಗಲದ ಕಿಟಕಿಯ ಎದುರು ಒಂದು ಮೀಟರ್ ದೂರದಲ್ಲಿ ಕೂತರೆ ನಮಗೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಆರು ಸೆಂಟಿಮೀಟರ್ ಎತ್ತರದ ಗೊಂಬೆಗೆ ಈ ಕಾಗದ ಅದರ ಮೂರೂವರೆ ಪಟ್ಟು ದೊಡ್ಡದು. ಆಳೆತ್ತರದ ಮನುಷ್ಯನಿಗೆ ಇದೇ ಅನುಪಾತ ಬೇಕೆಂದರೆ ಆರು ಮೀಟರ್ ಅಗಲದ ಬಟ್ಟೆ ಕಟ್ಟಬೇಕು. ಸಣ್ಣ ವಸ್ತುವಿನ ಚಿತ್ರ ತೆಗೆಯುವವರಿಗೆ ಇರುವ ದೊಡ್ಡ ಅನುಕೂಲ ಇದು, ಮತ್ತು ಬಹಳ ಮಂದಿ ಗಮನಿಸದೆ ಬಿಟ್ಟಿರುವುದೂ ಇದನ್ನೇ. ಸಿನಿಮಾದವರು ಲಾರಿಯಲ್ಲಿ ಸಾಮಾನು ತಂದು ಕಟ್ಟುವ ಆಕಾಶವನ್ನು ಸಣ್ಣ ವಸ್ತುವಿನ ಚಿತ್ರ ತೆಗೆಯುವವರು ಸ್ಟೇಷನರಿ ಅಂಗಡಿಯಿಂದ ಸುರುಳಿ ಸುತ್ತಿ ತರಬಹುದು.

ಸಿನಿಮಾದ ಮಾತು ಬಂದದ್ದರಿಂದ ಇಬ್ಬರು ಛಾಯಾಗ್ರಾಹಕರನ್ನು ಇಲ್ಲಿ ನೆನೆಯಲೇಬೇಕು. 1956ರಲ್ಲಿ ಬಂದ ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಚಿತ್ರದಲ್ಲಿ ಕಾಶಿಯ ಮನೆಯ ಅಂಗಳ ಕಾಣುತ್ತದೆ. ಅದು ಕಲ್ಕತ್ತೆಯ ಸ್ಟುಡಿಯೋದಲ್ಲಿ ಹಾಕಿದ ಸೆಟ್. ನಾಲ್ಕು ಗೋಡೆಗಳ ನಡುವೆ ಮೇಲಿನ ಆಕಾಶದಿಂದಷ್ಟೇ ಇಳಿಯುವ ಮಂದ ಬೆಳಕನ್ನು ತರಲು ಸುಬ್ರತ ಮಿತ್ರ ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ನಟರ ಕಡೆಗೆ ತಿರುಗಿಸದೆ ಆ ಬಟ್ಟೆಗೆ ಹೊಡೆದು ಬೆಳಕನ್ನು ಕೆಳಕ್ಕೆ ಚಿಮ್ಮಿಸಿದರು. ಮೂರು ವರ್ಷದ ನಂತರ, ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರು ಗುರುದತ್ ಅವರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಇದಕ್ಕೆ ಪೂರ್ತಿ ವಿರುದ್ಧವಾದ ದಾರಿ ಹಿಡಿದರು: ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಿಡಿದು ಕತ್ತಲ ಸ್ಟುಡಿಯೋದೊಳಗೆ ಕಂಬದಂತೆ ಇಳಿಸಿದರು. ಒಬ್ಬರು ಬೆಳಕನ್ನು ಹರಡಿದರು, ಇನ್ನೊಬ್ಬರು ಬಿಗಿಹಿಡಿದರು. ಇಬ್ಬರೂ ಬೆಳಕಿನ ಅಗಲವನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. ಮೇಜಿನ ಮೇಲಿನ ಕೆಲಸಕ್ಕೂ ಇವೆರಡೇ ದಾರಿಗಳು. ಯಾವ ವಸ್ತುವಿಗೆ ಯಾವುದು ಎಂದು ತಿಳಿಯುವುದೇ ಕಸುಬು.

ಅರಗಿನ ಗೊಂಬೆಯಿಂದಲೇ ಶುರುಮಾಡೋಣ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತ್‌ಗೆ ಕಟ್ಟಿ ತಿರುಗಿಸಿ ರೂಪ ಕೊಟ್ಟ ಮೇಲೆ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಹಾಗಾಗಿ ಅದರ ಮೈ ಎರಡು ಬಗೆಯಲ್ಲಿ ಬೆಳಕನ್ನು ಮರಳಿಸುತ್ತದೆ. ಅರಗಿನ ಒಳಹೊಕ್ಕು, ಬಣ್ಣಕ್ಕೆ ತಾಗಿ, ಎಲ್ಲ ದಿಕ್ಕಿಗೂ ಚೆದುರಿ ಬರುವ ಬೆಳಕು ಕೆಂಪನ್ನು ತೋರಿಸುತ್ತದೆ. ಅರಗಿನ ಮೇಲ್ಮೈಯಿಂದಲೇ ಕನ್ನಡಿಯಂತೆ ಪುಟಿದು ಬರುವ ಬೆಳಕಿಗೆ ಗೊಂಬೆಯ ಬಣ್ಣ ಅಂಟುವುದಿಲ್ಲ. ಅದು ದೀಪದ್ದೇ ಪ್ರತಿಬಿಂಬ. ಹಣೆಯ ಮೇಲೆ ಕಂಡ ಆ ಸಾಸಿವೆ ಕಾಳು ಗೊಂಬೆಯ ಭಾಗವೇ ಅಲ್ಲ, ಫ್ಲ್ಯಾಶಿನ ಭಾವಚಿತ್ರ. ದೀಪ ಚುಕ್ಕೆಯಾದರೆ ಹೊಳಪೂ ಚುಕ್ಕೆ. ದೀಪದ ಬದಲು ಬಟರ್ ಪೇಪರ್ ಬೆಳಗಿದರೆ ಗೊಂಬೆಯ ಒಂದು ಬದಿಯಲ್ಲಿ ತಲೆಯಿಂದ ಬುಡದವರೆಗೆ ಒಂದು ಉದ್ದನೆಯ ಹೊಳಪಿನ ಪಟ್ಟಿ ಇಳಿಯುತ್ತದೆ. ಕುತ್ತಿಗೆಯ ಬಳಿ ಅದು ಸಣ್ಣಗಾಗಿ, ಹೊಟ್ಟೆಯ ಬಳಿ ಅಗಲವಾಗಿ, ಲೇತ್ ಕೊರೆದ ಪ್ರತಿ ಗೆರೆಯಲ್ಲೂ ಒಮ್ಮೆ ಕೊಂಕಿ ಮುಂದೆ ಹೋಗುತ್ತದೆ. ನೋಡುವವರು ಆ ಪಟ್ಟಿಯ ಓಟದಿಂದಲೇ ಗೊಂಬೆಯ ದುಂಡನ್ನು ಅಳೆಯುತ್ತಾರೆ. ಹೊಳಪು ಹೆಚ್ಚು ಹರಡಿದ್ದರಿಂದ ಯಾವ ಒಂದು ಜಾಗದಲ್ಲೂ ಕಣ್ಣು ಕುಕ್ಕುವುದಿಲ್ಲ, ಅದರಡಿಯ ಕೆಂಪೂ ಉಳಿಯುತ್ತದೆ. ಎದುರು ಬದಿಗೆ ಒಂದು ಥರ್ಮಾಕೋಲ್ ತುಂಡು ಅಥವಾ ಬಿಳಿ ಕಾರ್ಡ್ ಇಟ್ಟರೆ ಕತ್ತಲ ಕಡೆಗೂ ಸ್ವಲ್ಪ ಬೆಳಕು ಮರಳುತ್ತದೆ. ಅದನ್ನು ಎಷ್ಟು ಹತ್ತಿರ ತರಬೇಕು ಎಂಬುದನ್ನು ಕಣ್ಣೇ ಹೇಳುತ್ತದೆ. ನೆರಳನ್ನು ಪೂರ್ತಿ ಅಳಿಸುವಷ್ಟು ಹತ್ತಿರ ತಂದರೆ ಮತ್ತೆ ಚಪ್ಪಟೆಯಾಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಾಗದ ಅಡ್ಡ ಹಿಡಿದರೆ ಬೆಳಕು ಕಡಿಮೆಯಾಗುವುದಿಲ್ಲವೇ, ಚಿತ್ರ ಕಪ್ಪಾಗಿ, ಕಾಳುಕಾಳಾಗಿ ಬರುವುದಿಲ್ಲವೇ? ಬೆಳಕು ಕಡಿಮೆಯಾಗುವುದು ನಿಜ. ಆದರೆ ಗೊಂಬೆ ಮಗುವಿನಂತೆ ಓಡುವುದಿಲ್ಲ, ಹಕ್ಕಿಯಂತೆ ಹಾರುವುದಿಲ್ಲ. ಕದಲದ ವಸ್ತುವಿಗೆ ಬೆಳಕು ಕಡಿಮೆಯಾದಷ್ಟು ಕಾಲ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ನೂರನೇ ಒಂದು ಸೆಕೆಂಡಿನಲ್ಲಿ ಬೀಳಬೇಕಿದ್ದ ಬೆಳಕು ಒಂದು ಸೆಕೆಂಡಿನಲ್ಲಿ ನಿಧಾನವಾಗಿ ಬಿದ್ದರೂ ಸೆನ್ಸರ್‌ಗೆ ಸಿಗುವ ಮೊತ್ತ ಒಂದೇ. ಬೇಕಾದದ್ದು ಕ್ಯಾಮೆರಾ ಅಲುಗಾಡದ ಹಾಗೆ ಒಂದು ಟ್ರೈಪಾಡ್, ಅದಿಲ್ಲದಿದ್ದರೆ ಪುಸ್ತಕಗಳ ಅಟ್ಟಿ, ಮತ್ತು ಬೆರಳು ತಾಗಿದ ಅದುರು ಇಳಿಯಲು ಎರಡು ಸೆಕೆಂಡಿನ ಟೈಮರ್. ಫೋನಿನ ಐಎಸ್‌ಒ ಸಂಖ್ಯೆಯನ್ನು 100ರ ಆಸುಪಾಸಿಗೆ ನಿಲ್ಲಿಸಿದರೆ ಕಾಳುಗಳೂ ಏಳುವುದಿಲ್ಲ. ನಿಧಾನದ ಎಕ್ಸ್‌ಪೋಶರ್‌ನಿಂದ ಇನ್ನೊಂದು ಉಪಕಾರವಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಈ ಮಿಣುಕು ವೇಗದ ಶಟರ್‌ಗೆ ಸಿಕ್ಕಿ ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಮೂಡುತ್ತದೆ. ಶಟರ್ ನಿಧಾನವಾದರೆ ಪಟ್ಟಿಗಳು ಮಾಯವಾಗುತ್ತವೆ. ಫೋನನ್ನು ವಸ್ತುವಿಗೆ ಅಂಟಿಸಿದಂತೆ ಹಿಡಿಯುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ಹಾಗೆ ಹಿಡಿದಾಗ ಫೋನಿನ ನೆರಳೇ ಗೊಂಬೆಯ ಮೇಲೆ ಬೀಳುತ್ತದೆ, ಮೂಗು ದಪ್ಪಗಾಗಿ ಕಿವಿ ಹಿಂದೆ ಸರಿದಂತೆ ಆಕಾರವೂ ಕೆಡುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿದರೆ ಇವೆರಡೂ ತಪ್ಪಿ, ಬೆಳಕಿನ ಕಾಗದ ನಿಲ್ಲಿಸಲು ಜಾಗವೂ ಸಿಗುತ್ತದೆ.

ಹಾಗಾದರೆ ಅಗಲವಾದ ಮೆತ್ತನೆಯ ಬೆಳಕೇ ಎಲ್ಲಕ್ಕೂ ಮದ್ದು ಎಂದಾಯಿತೇ? ಹೌದು ಎಂದು ಹೇಳುವವರು ಬಹಳ, ಅಂಗಡಿಗಳು ಮಾರುವುದೂ ಅದನ್ನೇ. ನಾಣ್ಯದ ಮುಂದೆ ಈ ಮಾತು ನಿಲ್ಲುವುದಿಲ್ಲ. ಟಿಪ್ಪುವಿನ ಕಾಲದ ತಾಮ್ರದ ಪೈಸೆಯೊಂದನ್ನು ತೆಗೆದುಕೊಳ್ಳಿ: ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು. ಎರಡು ಶತಮಾನಕ್ಕೂ ಮಿಕ್ಕಿದ ಕೈಬಳಕೆಯಲ್ಲಿ ಸವೆದು ಆನೆಯ ಬೆನ್ನು ನೆಲದಿಂದ ಕೂದಲೆಳೆಯಷ್ಟು ಮಾತ್ರ ಎದ್ದು ನಿಂತಿರುತ್ತದೆ. ಎಲ್ಲ ಕಡೆಯಿಂದ ಸಮನಾಗಿ ಬೆಳಕು ಚೆಲ್ಲಿದರೆ ಆ ಎತ್ತರಕ್ಕೆ ನೆರಳೇ ಇರುವುದಿಲ್ಲ. ಕಂದು ಬಿಲ್ಲೆಯ ಮೇಲೆ ಕಂದು ಮಸುಕು ಉಳಿಯುತ್ತದೆ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಪುಟ್ಟ ಟಾರ್ಚನ್ನು ಮೇಜಿನ ಮಟ್ಟದಿಂದ ಹತ್ತು ಹದಿನೈದು ಡಿಗ್ರಿ ಮೇಲಕ್ಕೆ ಹಿಡಿದು ನಾಣ್ಯವನ್ನು ಸವರುವಂತೆ ಬೆಳಕು ಹರಿಸಿ. ಸೊಂಡಿಲಿನ ಮಡಿಕೆ, ಕಾಲಿನ ಕಂಬ, ಬಾಲದ ತಿರುವು ಒಂದೊಂದಾಗಿ ನೆಲ ಬಿಟ್ಟು ಏಳುತ್ತವೆ. ಟಾರ್ಚನ್ನು ನಾಣ್ಯದ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಹತ್ತು ಗಂಟೆಯ ದಿಕ್ಕಿನಲ್ಲಿ ಕಾಣದ ಗೆರೆ ಒಂದು ಗಂಟೆಯ ದಿಕ್ಕಿನಲ್ಲಿ ಕಾಣುತ್ತದೆ. ಶಿಲಾಶಾಸನ ಓದುವವರು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿಗೆ ಕಾಯುವುದು ಇದೇ ಕಾರಣಕ್ಕೆ. ಈ ಹಳೆಯ ಉಪಾಯವನ್ನು 2001ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಗಣಿತಕ್ಕೆ ಇಳಿಸಿದರು. ಕ್ಯಾಮೆರಾ ಕದಲಿಸದೆ ದೀಪವನ್ನು ಮಾತ್ರ ಬೇರೆ ಬೇರೆ ಜಾಗಕ್ಕೆ ಸರಿಸಿ ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದುಗೂಡಿಸಿ, ಆಮೇಲೆ ಬೇಕೆಂದ ದಿಕ್ಕಿನಿಂದ ಬೆಳಕು ಹಾಯಿಸಿ ನೋಡುವ ವಿಧಾನ ಅದು. ಸಮುದ್ರದ ತಳದಿಂದ ಎತ್ತಿದ ಗ್ರೀಕರ ಪುರಾತನ ಆಂಟಿಕಿಥೆರಾ ಯಂತ್ರದ ಮೇಲಿನ ಮಸುಕು ಬರಹವನ್ನು ಪರಿಶೀಲಿಸಲು 2005ರಲ್ಲಿ ಇದನ್ನೇ ಬಳಸಿದರು. ದೀಪ ಸರಿದಂತೆ ವಸ್ತು ಹೊಸದೇನನ್ನೋ ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ಒಂದು ನಾಣ್ಯಕ್ಕೆ ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ ತೆಗೆದಿಟ್ಟರೆ ಸಾಕು.

ಬಿದರಿ ಇನ್ನೂ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕದಡಿದ ದ್ರಾವಣದಲ್ಲಿ ಅದ್ದಿದಾಗ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಇದು ಕಪ್ಪು ಬಿಳುಪಿನ ಸರಳ ಚಿತ್ರ. ಕ್ಯಾಮೆರಾಗೆ ಅಷ್ಟು ಸರಳವಲ್ಲ. ಮಂಕು ಕಪ್ಪು ಯಾವ ಕೋನದಿಂದಲೂ ಕಪ್ಪೇ. ಉಜ್ಜಿದ ಬೆಳ್ಳಿ ಮಾತ್ರ ಕನ್ನಡಿ. ಕನ್ನಡಿ ತನಗೆ ಎದುರಾಗಿ ಏನಿದೆಯೋ ಅದನ್ನೇ ತೋರಿಸುತ್ತದೆ, ಬೆಳಕು ಬಿದ್ದ ಕೋನಕ್ಕೆ ಸಮನಾದ ಕೋನದಲ್ಲಿಯೇ ಅದನ್ನು ಮರಳಿಸುತ್ತದೆ. ಕ್ಯಾಮೆರಾದ ಕಡೆಯಿಂದ ಆ ಕೋನವನ್ನು ಹಿಂಬಾಲಿಸಿದರೆ ಸಿಗುವ ಜಾಗದಲ್ಲಿ ಕತ್ತಲ ಕೋಣೆಯಿದ್ದರೆ ಬೆಳ್ಳಿಯೂ ಕಪ್ಪು, ಬಳ್ಳಿಯ ವಿನ್ಯಾಸವೇ ಮಾಯ. ಆ ಜಾಗದಲ್ಲಿ ಬೆಳಗಿದ ಕಾಗದವಿದ್ದರೆ ಒಂದೊಂದು ಎಲೆಯೂ ಮಿಂಚುತ್ತದೆ, ಕಪ್ಪು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬಿದರಿಗೆ ಬೆಳಕು ಹೊಂದಿಸುವಾಗ ಕೇಳಬೇಕಾದದ್ದು ‘ಬೆಳಕನ್ನು ಎಲ್ಲಿಂದ ಹಾಕಲಿ’ ಎಂದಲ್ಲ, ‘ಈ ಬೆಳ್ಳಿ ಎತ್ತ ನೋಡುತ್ತಿದೆ’ ಎಂದು. ಒಂದು ಸಣ್ಣ ಕನ್ನಡಿಯ ಚೂರನ್ನು ಪಾತ್ರೆಯ ಮೇಲೆ ಅದರ ಮೈಯಿಗೆ ಸಮನಾಗಿಟ್ಟು ಕ್ಯಾಮೆರಾದ ಜಾಗದಿಂದ ನೋಡಿದರೆ ಉತ್ತರ ಕಣ್ಣೆದುರೇ ಇರುತ್ತದೆ.

ಇಲ್ಲಿಯೇ ಲೈಟ್ ಬಾಕ್ಸ್‌ನ ಮಾತನ್ನೂ ಆಡಿಬಿಡಬೇಕು. ಒಳಗೆಲ್ಲ ಬಿಳಿ, ಮೇಲೊಂದು ಎಲ್‌ಇಡಿ ಪಟ್ಟಿ, ಮುಂದೆ ಕ್ಯಾಮೆರಾಗೆ ಕಿಂಡಿ. ಇಂಥ ಮಡಚುವ ಪೆಟ್ಟಿಗೆಗಳು ಈಗ ಸುಲಭವಾಗಿ ಸಿಗುತ್ತವೆ. ಇದೊಂದಿದ್ದರೆ ಇಷ್ಟೆಲ್ಲ ಯೋಚನೆ ಯಾಕೆ ಎಂಬ ವಾದದಲ್ಲಿ ಹುರುಳಿದೆ. ನೂರು ಸಾಮಾನಿನ ಪಟ್ಟಿ ಮಾಡಿ ಮಾರುವವರಿಗೆ ಎಲ್ಲ ಚಿತ್ರಗಳೂ ಒಂದೇ ಬಗೆ ಇರಬೇಕು, ಬೇಗ ಮುಗಿಯಬೇಕು; ಅವರಿಗೆ ಪೆಟ್ಟಿಗೆ ಸರಿಯಾದ ಸಾಧನ. ಆದರೆ ಪೆಟ್ಟಿಗೆ ಬೆಳಕಿನ ದಿಕ್ಕನ್ನು ತಾನೇ ತೀರ್ಮಾನಿಸಿಬಿಡುತ್ತದೆ. ನಾಣ್ಯದ ಆನೆ ಅದರೊಳಗೆ ಮಲಗಿಬಿಡುತ್ತದೆ, ಅರಗಿನ ಗೊಂಬೆಯ ತಲೆಯ ಮೇಲೆ ಎಲ್‌ಇಡಿಗಳು ಬಿಡಿ ಮಣಿಗಳಂತೆ ಸಾಲಾಗಿ ಮೂಡುತ್ತವೆ, ಹಿತ್ತಾಳೆಯ ದೀಪ ಸುತ್ತಲ ಬಿಳಿಯನ್ನೆಲ್ಲ ಹೀರಿ ತನ್ನ ಅಂಚನ್ನೇ ಕಳೆದುಕೊಳ್ಳುತ್ತದೆ. ಲೋಹಕ್ಕೆ ಬಿಳಿಯಷ್ಟೇ ಕಪ್ಪೂ ಬೇಕು. ಹಿತ್ತಾಳೆಯ ಎರಡೂ ಬದಿಗೆ, ಚೌಕಟ್ಟಿನಿಂದ ಹೊರಗೆ, ಎರಡು ಕಪ್ಪು ಕಾರ್ಡ್ ನಿಲ್ಲಿಸಿದರೆ ಅವುಗಳ ಪ್ರತಿಬಿಂಬ ದೀಪದ ಅಂಚಿಗೆ ಕಾಡಿಗೆಯಂಥ ಗೆರೆ ಎಳೆಯುತ್ತದೆ. ಗಾಜಿನ ಬಳೆಗೂ ಗೋಲಿಗೂ ಹೀಗೆಯೇ: ಬೆಳಕು ಹಿಂದಿನಿಂದ, ಕಪ್ಪು ಪಕ್ಕದಿಂದ. ಪೆಟ್ಟಿಗೆ ಇರುವವರು ಅದರ ಒಂದು ಪಕ್ಕಕ್ಕೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ ನೋಡಲಿ. ಪೆಟ್ಟಿಗೆ ಅದೇ, ಚಿತ್ರ ಬೇರೆಯಾಗುತ್ತದೆ.

ಅಗಲದ ಲೆಕ್ಕ ಎಷ್ಟು ನಿಖರವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಮಕ್ಕಳ ಕಪಾಟಿನ ಪುಟ್ಟ ಲೋಹದ ಕಾರುಗಳು ಒಳ್ಳೆಯ ಉದಾಹರಣೆ. 64ನೇ ಒಂದು ಪಾಲಿಗೆ ಇಳಿಸಿದ ಮಾದರಿಯಲ್ಲಿ ನಾಲ್ಕು ಮೀಟರ್ ಉದ್ದದ ಕಾರು ಸುಮಾರು ಆರು ಸೆಂಟಿಮೀಟರ್ ಆಗುತ್ತದೆ. ಇದನ್ನು ಸಂಗ್ರಹದ ವಸ್ತುವಾಗಿ ತೋರಿಸಬೇಕಾದರೆ ಬಟರ್ ಪೇಪರ್ ಸರಿ. ಆದರೆ ನಿಜವಾದ ರಸ್ತೆಯಲ್ಲಿ ಬಿಸಿಲಿಗೆ ನಿಂತ ನಿಜವಾದ ಕಾರು ಎಂದು ಅನಿಸಬೇಕಾದರೆ ಬೆಳಕು ಸೂರ್ಯನಂತೆ ಅರ್ಧ ಡಿಗ್ರಿ ಮಾತ್ರ ಇರಬೇಕು. ಒಂದು ಮೀಟರ್ ದೂರದಲ್ಲಿ ಅರ್ಧ ಡಿಗ್ರಿ ಅಂದರೆ 9 ಮಿಲಿಮೀಟರ್. ಹೆಚ್ಚುಕಡಿಮೆ ಫೋನಿನ ಟಾರ್ಚಿನ ಅಳತೆ! ಗೊಂಬೆಯ ಹಣೆಯನ್ನು ಕೆಡಿಸಿದ ಅದೇ ದೀಪವನ್ನು ಲೆನ್ಸಿನಿಂದ ದೂರ ಮಾಡಿ, ಒಂದು ಮೀಟರ್ ಆಚೆ, ಓರೆಯಾಗಿ ಎತ್ತಿ ಹಿಡಿದರೆ ಆಟಿಕೆಯ ಊರಿಗೆ ಸೂರ್ಯ ಬಂದಂತಾಯಿತು. ಜೊತೆಗೆ ಕಾರಿನ ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು, ಏಕೆಂದರೆ ಹತ್ತಿರದಿಂದ ತೆಗೆದ ಚಿತ್ರದ ಮಸುಕೇ ‘ಇದು ಚಿಕ್ಕದು’ ಎಂದು ಗುಟ್ಟು ಬಿಡುತ್ತದೆ. ಬೇರೆ ಲೆನ್ಸ್ ಹಾಕುವ ಕ್ಯಾಮೆರಾ ಇದ್ದವರು ಲೆನ್ಸಿನ ಕಿಂಡಿಯನ್ನು ಎಫ್/11ರ ಸುತ್ತಮುತ್ತ ಇಟ್ಟುಕೊಳ್ಳಬಹುದು. ಅದಕ್ಕಿಂತ ಬಹಳ ಕಿರಿದು ಮಾಡಿದರೆ ಬೆಳಕಿನ ಅಲೆಗಳೇ ಕಿಂಡಿಯ ಅಂಚಿನಲ್ಲಿ ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಬಣ್ಣದ ಬಗ್ಗೆಯೂ ಜನ ಬೆಳಕಿನ ಪ್ರಮಾಣವನ್ನೇ ನಂಬಿ ಮೋಸಹೋಗುತ್ತಾರೆ. ಕಿಟಕಿಯ ಬೆಳಕು ಸಾಲದೆಂದು ಕೋಣೆಯ ಬಲ್ಬನ್ನೂ ಹಚ್ಚಿದರೆ ಗೊಂಬೆಯ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಹಗಲು ಬೆಳಕಿನ ವರ್ಣತಾಪ ಸುಮಾರು 5500 ಕೆಲ್ವಿನ್, ಬೆಚ್ಚನೆಯ ಬಲ್ಬಿನದು ಸುಮಾರು 2700; ಎರಡನ್ನೂ ಏಕಕಾಲಕ್ಕೆ ಸರಿಪಡಿಸಲು ಯಾವ ಕ್ಯಾಮೆರಾಗೂ ಆಗದು. ಒಂದನ್ನು ಆರಿಸಿಬಿಡುವುದೇ ಪರಿಹಾರ. ಎಲ್‌ಇಡಿ ಡಬ್ಬದ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಇರುತ್ತದೆ. ಬಣ್ಣಗಳನ್ನು ದೀಪ ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬ ಅಳತೆ ಅದು. 100 ಅಂದರೆ ಪೂರ್ಣ. ಆದರೆ ಆ ಸಂಖ್ಯೆ ಎಂಟು ತಿಳಿಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪು ಒಂಬತ್ತನೆಯ ಮಾದರಿಯಾಗಿ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಹಾಗಾಗಿ 80 ಎಂದು ಬರೆದ ದೀಪದಡಿ ಚನ್ನಪಟ್ಟಣದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಬಹುದು. ನಮ್ಮ ಗೊಂಬೆಗಳಲ್ಲಿ, ಸೀರೆಗಳಲ್ಲಿ, ಕುಂಕುಮ ಭರಣಿಗಳಲ್ಲಿ ಕೆಂಪೇ ಮುಖ್ಯ ಬಣ್ಣವಾದ್ದರಿಂದ ದೀಪ ಕೊಳ್ಳುವಾಗ ವಾಟ್ ನೋಡುವುದಕ್ಕಿಂತ ಸಿಆರ್‌ಐ 95ರ ಮೇಲಿದೆಯೇ, ಗಾಢ ಕೆಂಪಿನ ಆರ್9 ಸಂಖ್ಯೆ ಕೊಟ್ಟಿದ್ದಾರೆಯೇ ಎಂದು ನೋಡುವುದು ಉಪಯೋಗ. ಗೊಂಬೆಯ ಕೆಳಗೆ ಹಾಸುವ ಬಟ್ಟೆಯ ಬಣ್ಣವೂ ಚಿಕ್ಕ ವಸ್ತುವಿನ ಹೊಟ್ಟೆಗೆ ಹತ್ತುತ್ತದೆ. ಹಸಿರು ರೇಷ್ಮೆಯ ಮೇಲೆ ಬೆಳ್ಳಿಯ ಗಣಪನನ್ನು ಇಟ್ಟರೆ ಅರ್ಧ ಗಣಪ ಹಸಿರಾಗುತ್ತಾನೆ.

ಇಷ್ಟಾದ ಮೇಲೂ ಗಟ್ಟಿಯಾಗಿ ಎದ್ದು ನಿಲ್ಲುವ ಆಕ್ಷೇಪವೊಂದಿದೆ. ಈಗ ಎಲ್ಲವನ್ನೂ ಫೋನಿನ ಒಳಗೇ ತಿದ್ದಬಹುದಲ್ಲ, ಬಿಳಿ ಚುಕ್ಕೆಯನ್ನು ಬೆರಳಿನಿಂದ ಒರೆಸಿ ತೆಗೆಯಬಹುದಲ್ಲ? ಬಣ್ಣ ಸ್ವಲ್ಪ ಆಚೀಚೆಯಾದರೆ, ಚಿತ್ರ ಸ್ವಲ್ಪ ಕಪ್ಪಾದರೆ ತಿದ್ದಬಹುದು, ತಿದ್ದಲೂಬೇಕು. ಆದರೆ ಮಾಮೂಲಿ ಫೋಟೋದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಮಾತ್ರ ಮೆಟ್ಟಿಲುಗಳಿವೆ. ಫ್ಲ್ಯಾಶಿನ ಚುಕ್ಕೆ ಬಿದ್ದಲ್ಲಿ ಮೂರೂ ಬಣ್ಣಗಳು 255ಕ್ಕೆ ಬಡಿದು ನಿಂತಿರುತ್ತವೆ. ಅಡಿಯಲ್ಲಿ ಯಾವ ಕೆಂಪಿತ್ತು, ಹಣೆಯ ಬೊಟ್ಟು ಹೇಗಿತ್ತು ಎಂಬ ದಾಖಲೆಯೇ ಇಲ್ಲ. ತಿದ್ದುವ ತಂತ್ರಾಂಶ ಅಲ್ಲಿ ತುಂಬುವುದು ಅಕ್ಕಪಕ್ಕ ನೋಡಿ ಮಾಡಿದ ಊಹೆ. ಹಬ್ಬದ ಶುಭಾಶಯಕ್ಕೆ ಆ ಊಹೆ ಸಾಕಾಗಬಹುದು. ನಾಣ್ಯದ ಸವೆದ ಅಕ್ಷರವನ್ನು ಅದು ಊಹಿಸಿ ಬರೆದರೆ ಮಾತ್ರ ಚಿತ್ರ ಸುಳ್ಳು ದಾಖಲೆಯಾಗುತ್ತದೆ. ಕೊಳ್ಳುವವರಿಗೂ ಓದುವವರಿಗೂ ಅನ್ಯಾಯ. ಟಾರ್ಚನ್ನು ಒಂದು ಗೇಣು ಸರಿಸಿದ್ದರೆ ನಿಜವಾದ ಅಕ್ಷರವೇ ಕಾಣುತ್ತಿತ್ತು ಎಂಬುದು ಇಲ್ಲಿನ ನೋವು.

ಬೆಳಕನ್ನು ಹೀಗೆ ಬೇಕಾದಂತೆ ಹೊಂದಿಸುವುದೂ ಒಂದು ಬಗೆಯ ಮರೆಮಾಚುವಿಕೆಯಲ್ಲವೇ ಎಂದು ಯಾರಾದರೂ ಕೇಳಿದರೆ ಒಪ್ಪಲೇಬೇಕು. ಅಗಲವಾದ ಬೆಳಕು ಗೀರುಗಳನ್ನು ಮುಚ್ಚುತ್ತದೆ, ಓರೆಬೆಳಕು ಅವನ್ನು ಬಯಲಿಗೆಳೆಯುತ್ತದೆ. ಆದ್ದರಿಂದಲೇ ಹಳೆಯ ವಸ್ತುವೊಂದನ್ನು ಮಾರುವವರಾಗಲಿ ದಾಖಲಿಸುವವರಾಗಲಿ ಎರಡೂ ಬೆಳಕಿನಲ್ಲಿ ಒಂದೊಂದು ಚಿತ್ರ ತೆಗೆಯುವುದು ನ್ಯಾಯ. ಮೊದಲನೆಯದು ವಸ್ತುವಿನ ಚೆಲುವು, ಎರಡನೆಯದು ಅದರ ವಯಸ್ಸು.

ಮನೆಮನೆಯಲ್ಲಿ ಇಂಥ ದಾಖಲೆಯ ಅಗತ್ಯ ಇದೆ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಆದ್ದರಿಂದ ಬಿಸಿ ಕಾರುವ ಹ್ಯಾಲೊಜನ್ ದೀಪವನ್ನು ಗೊಂಬೆಯ ಹತ್ತಿರ ತರಲೇಬಾರದು. ಅರಿಶಿನದಿಂದ ಪಡೆದ ಹಳದಿಯಂಥ ಸಸ್ಯಮೂಲದ ಬಣ್ಣಗಳು ಬಿಸಿಲಿಗೆ ಬಿದ್ದರೆ ವರ್ಷಗಳಲ್ಲಿ ಮಾಸುತ್ತವೆ. ಚಿತ್ರ ತೆಗೆಯಲೆಂದು ಕಿಟಕಿಯ ಬಳಿ ತಂದದ್ದನ್ನು ಅಲ್ಲೇ ಮರೆಯಬಾರದು. ತಲೆಮಾರಿನಿಂದ ಬಂದ ಪಟ್ಟದ ಗೊಂಬೆಗಳು ಪ್ರತಿ ನವರಾತ್ರಿಗೂ ಪೆಟ್ಟಿಗೆಯಿಂದ ಹೊರಬಂದು, ಕೈಯಿಂದ ಕೈಗೆ ದಾಟಿ, ಒಂದೊಂದು ಚೂರು ಬಣ್ಣ ಬಿಟ್ಟು ಒಳಹೋಗುತ್ತವೆ. ಅವುಗಳ ಚಿತ್ರವನ್ನು ವರ್ಷಕ್ಕೊಮ್ಮೆ ತೆಗೆಯುವವರು ಎಷ್ಟೋ ಮಂದಿ, ಆದರೆ ಒಂದೊಂದು ವರ್ಷ ಒಂದೊಂದು ಬೆಳಕು. ಹೋದ ವರ್ಷದ ಕೆಂಪಿಗೂ ಈ ವರ್ಷದ ಕೆಂಪಿಗೂ ಇರುವ ವ್ಯತ್ಯಾಸ ಗೊಂಬೆಯದೋ ಬಲ್ಬಿನದೋ ಹೇಳಲಾಗುವುದಿಲ್ಲ. ಮೇಜಿನ ಮೇಲೆ ಗೊಂಬೆ, ಕಾಗದ, ದೀಪ, ಫೋನ್ ನಿಲ್ಲುವ ನಾಲ್ಕು ಜಾಗಗಳಿಗೆ ಟೇಪಿನ ಗುರುತು ಹಾಕಿ, ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಕಾಗದದ ತುಂಡನ್ನೂ ಅಳತೆಗೆ ಒಂದು ಹತ್ತು ರೂಪಾಯಿಯ ನಾಣ್ಯವನ್ನೂ ಇಟ್ಟು ತೆಗೆದರೆ, 27 ಮಿಲಿಮೀಟರಿನ ಆ ನಾಣ್ಯ ಗೊಂಬೆಯ ಎತ್ತರ ಹೇಳುತ್ತದೆ, ಕಾಗದ ಅಂದಿನ ಬೆಳಕಿನ ಬಣ್ಣ ಹೇಳುತ್ತದೆ. ಚಿತ್ರದ ಜೊತೆ ನಾಲ್ಕು ಸಾಲು ಬರೆದಿಡಿ: ಗೊಂಬೆ ಯಾರಿಂದ ಬಂತು, ಯಾವ ಊರಿನದು, ದೀಪ ಯಾವ ಬದಿಯಲ್ಲಿತ್ತು, ಎಷ್ಟು ದೂರದಲ್ಲಿತ್ತು. ಮುಂದಿನ ನವರಾತ್ರಿಗೆ ಅದೇ ಟೇಪಿನ ಗುರುತಿನ ಮೇಲೆ ಅದೇ ಗೊಂಬೆ ಬಂದು ನಿಂತಾಗ, ಕೆನ್ನೆಯ ಬಣ್ಣ ಒಂದು ಕಾಳಿನಷ್ಟು ಉದುರಿದ್ದರೂ ಎರಡು ಚಿತ್ರ ಪಕ್ಕಪಕ್ಕ ಇಟ್ಟವರಿಗೆ ಕಾಣುತ್ತದೆ.